ನಾಲ್ಕು ಗಂಟೆಯ ನಲ್ಲಿ

ಪಕ್ಕದ ಮನೆಯ ಐರೀನ್ ಒಂದು ಗಂಟೆ ಹತ್ತು ನಿಮಿಷಕ್ಕೆ ಕೆಳಗೆ ಬಂದು ನಿಂತಿರುತ್ತೇನೆ ಎಂದಿದ್ದಳು. ಈಗ ಒಂದೂ ಕಾಲು ದಾಟಿತ್ತು. ಗ್ಲೆಂಡಾ ಮೆಟ್ಟಿಲ ಬುಡದಲ್ಲಿ, ಅಂತ್ಯಕ್ರಿಯೆಗಳಿಗೆ ಮಾತ್ರ ಹಾಕಿಕೊಳ್ಳುವ ಕಡುನೀಲಿ ಕೋಟನ್ನು ಕುತ್ತಿಗೆಯವರೆಗೂ ಗುಂಡಿ ಹಾಕಿ ತೊಟ್ಟು, ಕಡತವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಕಡತದಲ್ಲಿ ನೆರೆಯವನ ಗದ್ದಲ ಬರೆದಿಟ್ಟ ಆರು ತಿಂಗಳ ಹಾಳೆಗಳಿದ್ದವು. ಮೂಲ ಪ್ರತಿಗಳನ್ನು ಈ ಮನೆಗಳ ಮಾಲೀಕರಾದ ಕೌನ್ಸಿಲ್‌ನವರಿಗೆ ಕಳಿಸಿಯಾಗಿತ್ತು, ಇವು ಗ್ರಂಥಾಲಯದಲ್ಲಿ ತೆಗೆಸಿಟ್ಟುಕೊಂಡ ನಕಲುಗಳು. ಮೆಟ್ಟಿಲ ಕೆಳಗಿನ ಜಾಗದಲ್ಲಿ ಮೇಲಿನ ಮನೆಯ ಗ್ಯಾವಿನ್ ತನ್ನ ಮೋಟಾರ್ ಸೈಕಲ್ಲಿನ ಎಂಜಿನ್ನನ್ನು ಬಿಚ್ಚಿ ಹರವಿದ್ದ. ಎಣ್ಣೆ ಕಪ್ಪಗೆ ಹರಿದು ಅವಳ ಬೂಟಿನ ಹತ್ತಿರದವರೆಗೂ ಬಂದಿತ್ತು, ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು, ಸರಿದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಇಪ್ಪತ್ತಾರು ವರ್ಷ ಈ ಮೆಟ್ಟಿಲನ್ನು ವಾರಕ್ಕೊಂದು ಸಲ ತೊಳೆದವಳು ತಾನು. ಸರಿಯಬೇಕಾದದ್ದು ಎಣ್ಣೆ. ಎರಡು ಗಂಟೆಗೆ ವಸತಿ ಕಚೇರಿಯಲ್ಲಿ ಭೇಟಿ. ಪತ್ರದಲ್ಲಿ ಹಾಗೆಂದಿತ್ತು, 'ನಿಮ್ಮ ದೂರಿನ ವಿಷಯವಾಗಿ ಮುಂದಿನ ಕ್ರಮ ಚರ್ಚಿಸಲು'. ಬೇಕಿದ್ದರೆ ಬೆಂಬಲಕ್ಕೆ ಒಬ್ಬರನ್ನು ಕರೆತರಬಹುದು ಎಂದೂ ಇತ್ತು. ಆ ಒಬ್ಬರು ಐರೀನ್. ಬೇರೆ ಯಾರೂ ಇರಲಿಲ್ಲ. ಐರೀನ್ ಪಕ್ಕದಲ್ಲಿ ಕೂತು, ಹೌದು ನನಗೂ ಕೇಳಿಸುತ್ತದೆ, ಗ್ಲೆಂಡಾ ಹೇಳುವುದೆಲ್ಲ ನಿಜ ಎಂದು ಒಂದು ಮಾತು ಹೇಳಿದರೆ ಸಾಕು, ಗ್ಯಾವಿನ್‌ನನ್ನು ಎಬ್ಬಿಸಿ ಕಳಿಸುತ್ತಾರೆ, ತಾನು ಉಳಿದ ಕಾಲವನ್ನು ಈ ಮನೆಯಲ್ಲೇ ನೆಮ್ಮದಿಯಾಗಿ ಕಳೆಯಬಹುದು. ಐರೀನ್ ಹೇಳದಿದ್ದರೆ? ಒಬ್ಬಳ ಮಾತಿಗೆ ಕೌನ್ಸಿಲ್ ಏನೂ ಮಾಡುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು.

ಹಿಂದಿನಿಂದ ಸಿಗರೇಟಿನ ವಾಸನೆ ಬಂತು. ಗ್ಯಾವಿನ್ ಬರಿಗಾಲಲ್ಲಿ ಇಳಿದು ಬಂದಿದ್ದ, ನಲವತ್ತು ದಾಟಿದ ಗಂಡಸು, ಮೊಣಕಾಲು ಹರಿದ ಪ್ಯಾಂಟು. ಅವನ ನಾಯಿ ಮೇಲಿನ ಕಟ್ಟೆಯಿಂದ ಬೊಗಳುತ್ತಿತ್ತು.

"ಏನ್ ಅಜ್ಜಿ, ಭಾರಿ ಅಲಂಕಾರ. ಕೋರ್ಟಿಗೆ ಹೊರಟ್ರಾ?"

ಅವಳು ಕಡತವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡಳು. ಮಾತಾಡಬಾರದೆಂದು ಕೌನ್ಸಿಲ್‌ನವರು ಕೊಟ್ಟ ಕೈಪಿಡಿಯಲ್ಲಿತ್ತು.

"ಎಷ್ಟು ಪುಟ ಆಯ್ತು ಈ ವಾರ? ನಾನು ಸೀನಿದ್ದನ್ನೂ ಬರೆದ್ರಾ? ನಿನ್ನೆ ಮೂರು ಸಲ ಸೀನಿದೆ, ಬಿಟ್ಟಿದ್ರೆ ಸೇರಿಸ್ಕೊಳ್ಳಿ."

ಅವನು ನಕ್ಕು, ಎಂಜಿನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹಾಳೆಗಳ ವಿಷಯ ಇವನಿಗೆ ಹೇಗೆ ಗೊತ್ತು? ಗುಟ್ಟಾಗಿರುತ್ತದೆ ಎಂದು ಮಾತು ಕೊಟ್ಟಿದ್ದರಲ್ಲ. ಐರೀನ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಯೋಚನೆ ಅಲ್ಲಿಗೆ ಬಂದು ನಿಂತಿತು, ಅವಳು ಅದನ್ನು ಮುಂದಕ್ಕೆ ಹೋಗಗೊಡಲಿಲ್ಲ, ಕಚೇರಿಯವರೇ ಯಾರೋ ಬಾಯಿಬಿಟ್ಟಿರಬೇಕು, ಸರ್ಕಾರಿ ಜನರ ಹೊಟ್ಟೆಯಲ್ಲಿ ಏನು ನಿಲ್ಲುತ್ತದೆ ಎಂದು ಹೇಳಿಕೊಂಡು ಮೆಟ್ಟಿಲು ಹತ್ತಿದಳು.

ಎಂಟನೇ ನಂಬರಿನ ಬಾಗಿಲು ಎರಡನೇ ಸಲ ತಟ್ಟಿದ ಮೇಲೆ ತೆರೆಯಿತು, ಸರಪಳಿ ತೆಗೆಯದೆ, ಒಂದು ಗೇಣಿನಷ್ಟು. ಐರೀನಳ ಅರ್ಧ ಮುಖ ಕಾಣಿಸಿತು.

"ಆಗಲ್ಲ ಕಣೇ. ಸೊಂಟ ಹಿಡ್ಕೊಂಡುಬಿಟ್ಟಿದೆ ಬೆಳಿಗ್ಗೆಯಿಂದ."

"ಬಸ್ಸಿನ ತನಕ ನಾನು ಕೈ ಹಿಡ್ಕೋತೀನಿ. ಅಲ್ಲಿ ಕೂತೇ ಇರೋದು ತಾನೆ?"

"ಆ ಬಸ್ಸಿನ ಕುಲುಕಾಟ ನಿಂಗೊತ್ತಲ್ಲ. ನೀನು ಹೋಗಿ ಬಾ. ಮಾತಾಡೋದ್ರಲ್ಲಿ ನೀನು ನನಗಿಂತ ಗಟ್ಟಿ. ನಾನು ಬಂದ್ರೆ ಅಡ್ಡ ಬಂದ ಹಾಗೆ ಆಗತ್ತೆ ಅಷ್ಟೆ."

"ಐರೀನ್, ನೀನು ಬರ್ತೀನಿ ಅಂದಿದ್ದೆ."

"ಅಂದಿದ್ದೆ. ಸೊಂಟ ಕೇಳಬೇಕಲ್ಲ. ಬಂದ ಮೇಲೆ ಬಾ, ಚಹಾ ಮಾಡಿರ್ತೀನಿ."

ಬಾಗಿಲು ಮುಚ್ಚಿಕೊಂಡಿತು. ಬಾಗಿಲು ಮುಚ್ಚುವ ಮುಂಚೆ ಗ್ಲೆಂಡಾ ಕೆಳಗೆ ನೋಡಿದ್ದಳು. ಐರೀನ್ ಹೊರಗೆ ಹೋಗುವ ಕಂದು ಬೂಟು ಹಾಕಿಕೊಂಡಿದ್ದಳು, ಲೇಸು ಕಟ್ಟಿಯಾಗಿತ್ತು. ಸೊಂಟ ಹಿಡಿದವಳು ಬಗ್ಗಿ ಲೇಸು ಕಟ್ಟಿಕೊಂಡಿದ್ದು ಹೇಗೆ? ಅಂದರೆ ಹೊರಟಿದ್ದಳು. ಬೂಟಿನ ತನಕ ಬಂದು, ಬೂಟು ಕಟ್ಟಿದ ಮೇಲೆ ಮನಸ್ಸು ಬದಲಾಯಿಸಿದ್ದಳು. ಕೈಕೊಟ್ಟಳು ಎಂಬ ಮಾತು ನಾಲಿಗೆಯ ತುದಿಗೆ ಬಂತು, ಗ್ಲೆಂಡಾ ಅದನ್ನು ನುಂಗಿಕೊಂಡು ಬಸ್ಸಿಗೆ ಓಡಿದಳು. ಅರವತ್ತಾರರ ವಯಸ್ಸಿಗೆ ಓಡುವುದು ಎಂದರೆ ಓಟವಲ್ಲ, ಓಡುತ್ತಿದ್ದೇನೆಂದು ನಾಲ್ಕು ಜನಕ್ಕೆ ತೋರಿಸಿಕೊಳ್ಳುವುದು. ಬಸ್ಸಿನ ಚಾಲಕ ಕಾದ. ಅವನ ದಯೆಯೂ ಅವಳಿಗೆ ಅವಮಾನದ ಹಾಗೆ ತೋರಿತು.

ಕಿಟಕಿಯ ಪಕ್ಕ ಕೂತಳು. ಹೊರಗೆ ಕೌನ್ಸಿಲ್ ವಸತಿ ಎಸ್ಟೇಟಿನ ಕಟ್ಟಡಗಳು ಒಂದೊಂದಾಗಿ ಹಿಂದೆ ಸರಿದವು, ಮೂರು ಅಂತಸ್ತಿನವು, ಕೆಂಪು ಇಟ್ಟಿಗೆಯವು, ಪ್ರತಿ ಕಟ್ಟಡಕ್ಕೂ ಒಂದೊಂದು ಮರದ ಹೆಸರು, ಯಾವುದರ ಮುಂದೆಯೂ ಆ ಮರವಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಅವಳು ಏಳನೇ ನಂಬರಿಗೆ ಬಂದ ದಿನ ಎಂಟರಿಂದ ಐರೀನಳ ಗಂಡ ಲೆನ್ ಹೊರಬಂದು, ಒಂದು ಮಾತೂ ಆಡದೆ, ಅವಳ ಫ್ರಿಜ್ಜನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೇಲೆ ತಂದು ಇಟ್ಟಿದ್ದ. ಒಳ್ಳೆಯ ಮನುಷ್ಯ ಎಂದುಕೊಂಡಿದ್ದಳು. ಅವನು ಸತ್ತು ಆರು ವರ್ಷವಾಗಿತ್ತು, ಈಗಲೂ ಅವನ ವಿಷಯ ಬಂದರೆ ಅವಳು ಫ್ರಿಜ್ಜನ್ನೇ ನೆನೆಯುತ್ತಿದ್ದಳು. ಅವನ ಶವಸಂಸ್ಕಾರದಲ್ಲಿ ಐರೀನ್ ಅಳಲಿಲ್ಲ, ಗ್ಲೆಂಡಾಳೇ ಅತ್ತಿದ್ದಳು, ಜನ ತಿರುಗಿ ನೋಡಿದ್ದರು. ಆಮೇಲೆ ಇಬ್ಬರೂ ಹತ್ತಿರವಾದರು. ಶುಕ್ರವಾರದ ಮಾರುಕಟ್ಟೆ, ಭಾನುವಾರದ ಊಟ, ಒಬ್ಬಳ ಕೀಲಿ ಇನ್ನೊಬ್ಬಳ ಮನೆಯಲ್ಲಿ. ಶಾಲೆಯ ಅಡುಗೆಮನೆಯ ಕೆಲಸದಿಂದ ಗ್ಲೆಂಡಾ ನಿವೃತ್ತಳಾದಾಗ ಕೇಕು ಮಾಡಿ ತಂದವಳು ಐರೀನ್ ಒಬ್ಬಳೇ. ಮೇಲಿನ ಹನ್ನೊಂದನೇ ನಂಬರಿಗೆ ಗ್ಯಾವಿನ್ ಬಂದು, ಮಧ್ಯಾಹ್ನವೆಲ್ಲ ಢಂಢಂ ಎಂಬ ಸಂಗೀತ, ನಾಯಿಯ ಉಗುರಿನ ಸದ್ದು, ಅವನ ಗೆಳೆಯರು ಮೆಟ್ಟಿಲ ಮೂಲೆಯಲ್ಲಿ ಉಚ್ಚೆ ಹೊಯ್ಯುವುದು, ಒಣಹಾಕಿದ ಬಟ್ಟೆಯ ಮೇಲೆ ಸಿಗರೇಟಿನ ತುಂಡು, ಇವೆಲ್ಲ ಶುರುವಾದಾಗ ಮೊದಲು ಸಿಡಿದೆದ್ದವಳೂ ಐರೀನ್. "ನೀನು ಬರಿ ಕಣೇ ಕೌನ್ಸಿಲ್‌ಗೆ. ನಿನ್ನ ಅಕ್ಷರ ಚೆಂದ. ನಾನು ಬರೆದ್ರೆ ಕೋಳಿ ಕೆರೆದ ಹಾಗಿರತ್ತೆ, ಯಾರು ಓದ್ತಾರೆ?" ಅವಳ ಅಕ್ಷರವನ್ನು ಯಾರೂ ಯಾವತ್ತೂ ಹೊಗಳಿರಲಿಲ್ಲ. ಆ ಒಂದು ಮಾತಿಗೆ ಮರುಳಾಗಿ ಆ ಸಂಜೆಯೇ ಬರೆದಿದ್ದಳು.

ಆಮೇಲೆ ಹಾಳೆಗಳು ಬಂದವು. ಕೌನ್ಸಿಲ್‌ನವರ ಪದ್ಧತಿ ಅದು, ದೂರು ಕೊಟ್ಟವರಿಗೆ ಹಾಳೆ ಕೊಡುತ್ತಾರೆ, ಗದ್ದಲ ಕೇಳಿಸಿದಾಗಲೆಲ್ಲ ಬರೆದಿಡಬೇಕು. ಐದು ಕಾಲಂ. ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು, ಕೇಳಿಸಿದ್ದೇನು, ಅದರಿಂದ ನಿಮ್ಮ ಮೇಲಾದ ಪರಿಣಾಮವೇನು. ನಾಲ್ಕನೆಯದರ ತನಕ ಸುಲಭವಿತ್ತು. ಐದನೆಯದರ ಮುಂದೆ ಪೆನ್ನು ನಿಂತುಬಿಡುತ್ತಿತ್ತು. ಏನೆಂದು ಬರೆಯುವುದು? ಚಹಾದ ಕಪ್ಪು ಕೈಯಲ್ಲೇ ಉಳಿಯಿತು? ಎದ್ದು ನಿಂತೆ, ಯಾಕೆ ಎದ್ದೆನೋ ತಿಳಿಯಲಿಲ್ಲ? ಎಲ್ಲದಕ್ಕೂ 'ತುಂಬಾ ತೊಂದರೆ' ಎಂದು ಬರೆದಳು. ಕ್ರಮೇಣ ಬರೆಯುವುದೇ ಒಂದು ಕೆಲಸವಾಯಿತು. ಮುಂಚೆ ಗದ್ದಲ ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದವಳು ಈಗ ಗದ್ದಲ ಬರಲೆಂದು ಮೈಯೆಲ್ಲ ಕಿವಿಯಾಗಿ ಕಾಯತೊಡಗಿದಳು, ಒಂದು ಮಧ್ಯಾಹ್ನ ಮೇಲೆ ನಿಶ್ಶಬ್ದವಾಗಿದ್ದರೆ ಮೋಸಹೋದಂತಾಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಮತ್ತೆ, ತಾನೇ, ಯಾರೂ ಕೇಳದೆ, ಕಚೇರಿಯ ಹುಡುಗನಿಗೆ ಫೋನು ಮಾಡಿ ಹೇಳಿದ್ದಳು, ಪಕ್ಕದ ಎಂಟಕ್ಕೂ ಹಾಳೆ ಕೊಡಿ, ಅವಳಿಗೂ ಎಲ್ಲ ಕೇಳಿಸತ್ತೆ, ಎರಡು ಕಡೆಯಿಂದ ಬಂದರೆ ಗಟ್ಟಿಯಾಗತ್ತೆ. ಹಾಳೆಗಳನ್ನು ಐರೀನಳ ಮೇಜಿನ ಮೇಲೆ ಇಟ್ಟು, ಯಾವ ಕಾಲಮ್ಮಿನಲ್ಲಿ ಏನು ಎಂದು ಬೆರಳಿಟ್ಟು ತೋರಿಸಿಕೊಟ್ಟವಳು ಅವಳೇ. ಹದಿನೈದು ದಿನಕ್ಕೊಂದು ಸಲ ಐರೀನ್ ಕಂದು ಲಕೋಟೆಯನ್ನು ನೆಕ್ಕಿ ಅಂಟಿಸಿ ಕೊಡುತ್ತಿದ್ದಳು, ಸೊಂಟ ನೋಯುವುದರಿಂದ ಅದನ್ನು ಅಂಚೆ ಡಬ್ಬಿಗೆ ಒಯ್ದು ಹಾಕುತ್ತಿದ್ದವಳೂ ಗ್ಲೆಂಡಾಳೇ. ತನ್ನ ಲಕೋಟೆ, ಐರೀನಳ ಲಕೋಟೆ, ಎರಡೂ ಒಟ್ಟಿಗೆ ಬೀಳುವ ಸದ್ದು ಕೇಳಿ ಹಿಗ್ಗುತ್ತಿದ್ದಳು. ತನ್ನ ಬೆನ್ನಿಗೆ ಒಬ್ಬಳಿದ್ದಾಳೆ ಎಂಬ ಹಿಗ್ಗು.

ಕಚೇರಿಯಲ್ಲಿ ಇಪ್ಪತ್ತು ನಿಮಿಷ ಕೂರಿಸಿದರು. ಆಮೇಲೆ ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡ ತೆಳ್ಳನೆಯ ಯುವಕ ಬಂದು ಕೈ ಚಾಚಿದ, "ಗ್ಲೆಂಡಾ ಅಲ್ವಾ? ನನ್ನನ್ನ ಕ್ಯಾಲಮ್ ಅಂತಾನೇ ಕರೀರಿ." ಅವಳು ಹಾಗೆ ಕರೆಯುವುದಿಲ್ಲವೆಂದು ಅಲ್ಲೇ ತೀರ್ಮಾನಿಸಿದಳು. ಕಿಟಕಿಯಿಲ್ಲದ ಕೋಣೆ, ಮೇಜಿನ ಮೇಲೆ ಕಾಗದದ ಕರವಸ್ತ್ರಗಳ ಡಬ್ಬಿ. ಅಳುವವರಿಗೆಂದು ಇಟ್ಟಿದ್ದಾರೆ, ತನಗೇಕೆ ಅದು ಎಂದುಕೊಂಡಳು.

"ಒಬ್ಬರೇ ಬಂದ್ರಾ?"

"ಬರಬೇಕಿತ್ತು ಒಬ್ಬರು. ಸೊಂಟ ನೋವು."

ಅವನು ತಲೆಯಾಡಿಸಿ ಲ್ಯಾಪ್‌ಟಾಪ್ ತೆರೆದ. "ಮೊದಲು ಒಂದು ಮಾತು. ಇಷ್ಟು ಶ್ರದ್ಧೆಯಿಂದ ಬರೆದವರನ್ನ ನಾನು ನೋಡೇ ಇಲ್ಲ. ನೂರಾ ಎಂಬತ್ತೆರಡು ನಮೂದು. ನಮ್ಮ ಕಚೇರೀಲಿ ಎಲ್ಲರಿಗೂ ನಿಮ್ಮ ಹೆಸರು ಗೊತ್ತು."

ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಹೊಗಳಿಕೆಯೋ ಲೇವಡಿಯೋ ಗೊತ್ತಾಗದಿದ್ದರೂ ಒಂದು ಗಳಿಗೆ ಸುಖವೆನಿಸಿತು, ಅದಕ್ಕಾಗಿ ಆಮೇಲೆ ಎಷ್ಟೋ ದಿನ ನಾಚಿಕೊಂಡಳು.

"ಆದ್ರೆ ಕಷ್ಟ ಏನಪ್ಪಾ ಅಂದ್ರೆ, ಬೇರೆ ಯಾರ ಕಡೆಯಿಂದಲೂ ಇದಕ್ಕೆ ಬೆಂಬಲ ಸಿಕ್ಕಿಲ್ಲ. ಹನ್ನೊಂದರ ಬಗ್ಗೆ ಇನ್ನೊಬ್ಬ ನಿವಾಸಿ 'ತೊಂದರೆ ಏನೂ ಇಲ್ಲ' ಅಂತ ಬರೆದಿದ್ದಾರೆ. ಪ್ರತಿ ವಾರ."

"ಯಾವ ನಿವಾಸಿ?"

"ಹೆಸರು ಹೇಳೋ ಹಾಗಿಲ್ಲ. ನಿಮ್ಮ ಹೆಸರನ್ನೂ ನಾವು ಯಾರಿಗೂ ಹೇಳಿಲ್ಲ." ಅವನು ಗಂಟಲು ಸರಿಮಾಡಿಕೊಂಡ. "ಇನ್ನೊಂದು ವಿಷಯ. ನಿಮ್ಮ ಮನೆ ಮೇಲೂ ಒಂದು ದೂರು ಬಂದಿದೆ."

"ನನ್ನ ಮನೆ ಮೇಲಾ?" ಅವಳಿಗೆ ನಗು ಬಂತು. "ಏನಂತೆ? ಮೆಟ್ಟಿಲು ಜಾಸ್ತಿ ತೊಳೀತೀನಿ ಅಂತಾನಾ?"

"ಓದಲಾ? ಬೇಡ ಅಂದ್ರೆ ಬೇಡ."

"ಓದಿ."

ಅವನು ಪರದೆಯ ಕಡೆಗೆ ಬಾಗಿ, ಹವಾಮಾನ ವರದಿ ಓದುವವರ ದನಿಯಲ್ಲಿ ಓದಿದ. "ಮಾರ್ಚ್ ಹನ್ನೊಂದು. ಶುರು, ನಾಲ್ಕು ಗಂಟೆ. ಮುಗಿದದ್ದು, ನಾಲ್ಕೂ ನಲವತ್ತು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಹೆಂಗಸು ಅಳುವ ಸದ್ದು. ಪರಿಣಾಮ, ಕಿರಿಕಿರಿ. ಮಾರ್ಚ್ ಹದಿಮೂರು. ನಾಲ್ಕೂ ಐದು. ನಲ್ಲಿ, ಅಳು. ಪರಿಣಾಮ, ಟೀವಿ ಕೇಳಿಸಲಿಲ್ಲ. ಮಾರ್ಚ್ ಹದಿನಾಲ್ಕು. ನಾಲ್ಕು ಗಂಟೆ. ಅಳು, ಈ ಸಲ ನಡುನಡುವೆ ಮಾತು, ಯಾರ ಜೊತೆಯೋ ಮಾತಾಡಿದ ಹಾಗೆ. ಪರಿಣಾಮ..."

"ಸಾಕು."

"ಇಂಥವು ಐವತ್ತರ ಮೇಲಿವೆ."

ಅವಳು ಕರವಸ್ತ್ರದ ಡಬ್ಬಿಯನ್ನು ನೋಡುತ್ತ ಕೂತಳು. ಯಾರಿಗೂ ಗೊತ್ತಿಲ್ಲ ಎಂದುಕೊಂಡದ್ದು ಅದೊಂದೇ. ಕಾರಣವಿದ್ದು ಅಳುವವಳಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಶಾಲೆಯ ಅಡುಗೆಮನೆಯಿಂದ ಮೂವತ್ತು ವರ್ಷ ನಾಲ್ಕು ಗಂಟೆಗೆ ಮನೆಗೆ ಬರುತ್ತಿದ್ದಳು. ಕೆಲಸ ಬಿಟ್ಟ ಮೇಲೆ ಬರುವುದಕ್ಕೆ ಎಲ್ಲಿಂದಲೂ ಹೊರಟಿರುತ್ತಿರಲಿಲ್ಲ, ಆದರೂ ನಾಲ್ಕಾಗುತ್ತಿತ್ತು, ಮೈ ಎಲ್ಲಿಗೋ ಬಂದು ಸೇರಬೇಕೆಂದು ಚಡಪಡಿಸುತ್ತಿತ್ತು, ಆಗ ಬಚ್ಚಲಿಗೆ ಹೋಗಿ, ಯಾರಿಗೂ ಕೇಳಿಸಬಾರದೆಂದು ನಲ್ಲಿ ಪೂರ್ತಿ ತಿರುಗಿಸಿ, ತೊಟ್ಟಿಯ ಅಂಚಿನ ಮೇಲೆ ಬಟ್ಟೆ ಹಾಕಿಕೊಂಡೇ ಕೂತು ಅಳುತ್ತಿದ್ದಳು. ಆ ಬಚ್ಚಲಿಗೆ ನಾಲ್ಕು ಗೋಡೆ. ಒಂದು ಹೊರಗಿನದು, ಎರಡು ತನ್ನ ಮನೆಯೊಳಗಿನವು. ನಾಲ್ಕನೆಯದು ಎಂಟನೇ ನಂಬರಿನದು. ಹೆಸರು ಹೇಳುವಂತಿಲ್ಲವಂತೆ. ಹೆಸರೇಕೆ ಬೇಕು? ಒಂದು ಇಟ್ಟಿಗೆಯ ಆ ಕಡೆ ಕೂತು, ತಾನು ಕೊಟ್ಟ ಹಾಳೆಯಲ್ಲಿ, ತಾನು ಬೆರಳಿಟ್ಟು ತೋರಿಸಿದ ಕಾಲಮ್ಮುಗಳಲ್ಲಿ, ಗಡಿಯಾರ ನೋಡಿ ನೋಡಿ ಬರೆದಿದ್ದಾಳೆ. ಅಂಟಿಸಿ ಕೊಟ್ಟಿದ್ದಾಳೆ. ಹೊತ್ತುಕೊಂಡು ಹೋಗಿ ಡಬ್ಬಿಗೆ ಹಾಕಿದವಳು ತಾನು.

ಕ್ಯಾಲಮ್ ಒಂದು ಕಾಗದವನ್ನು ಅವಳ ಮುಂದೆ ಜಾರಿಸಿದ. "ಇದು ಒಳ್ಳೆ ನೆರೆಹೊರೆ ಒಪ್ಪಂದ. ಶಿಕ್ಷೆ ಅಲ್ಲ. ಮನೆಯಲ್ಲಿ ದಿನನಿತ್ಯದ ಸದ್ದನ್ನು, ಇಲ್ಲಿದೆ ನೋಡಿ, 'ನೀರು ಹಾಗೂ ದನಿಯಿಂದ ಉಂಟಾಗುವ ಸದ್ದನ್ನು ನೆರೆಯವರಿಗೆ ತೊಂದರೆಯಾಗದ ಮಟ್ಟಕ್ಕೆ ಇಳಿಸಿಕೊಳ್ಳುತ್ತೇನೆ' ಅಂತ. ಹನ್ನೊಂದರವರೂ ಒಂದಕ್ಕೆ ಸಹಿ ಹಾಕ್ತಾರೆ. ಎರಡೂ ಕಡೆ ಸಹಿಯಾದ್ರೆ ಎರಡೂ ದೂರು ಮುಚ್ಚಿಹೋಗುತ್ತೆ."

"ಹಾಕದಿದ್ರೆ?"

"ನಿಮ್ಮ ಬಾಡಿಗೆ ಕರಾರಿನ ಕಡತದಲ್ಲಿ ಉಳಿಯುತ್ತೆ. ಮುಂದೆ ಏನಾದ್ರೂ ಬಂದ್ರೆ..." ಅವನು ಪೂರ್ತಿ ಮಾಡಲಿಲ್ಲ. ದನಿ ತಗ್ಗಿಸಿ, "ಗ್ಲೆಂಡಾ, ನೀವು ಯಾರಾದ್ರೂ ಡಾಕ್ಟರ್ ಹತ್ರ ಮಾತಾಡಿದೀರಾ?" ಎಂದ.

"ನೀರಿನ ಬಗ್ಗೆಯಾ?"

ಅವನು ಕೆಂಪಾದ. ಒಳ್ಳೆಯ ಹುಡುಗನೇ ಇರಬೇಕು. "ಸೋಮವಾರದೊಳಗೆ ಕಳಿಸಿ. ಕೆಳಗೆ ಸಾಕ್ಷಿ ಸಹಿ ಬೇಕು. ಸಂಬಂಧಿಕರಲ್ಲದ ಯಾರಾದ್ರೂ ಆಗುತ್ತೆ, ಅಕ್ಕಪಕ್ಕದವರು ಯಾರಾದ್ರೂ."

ಹೊರಗೆ ಬಂದವಳು ಬಸ್ಸಿಗೆ ಕಾಯಲಿಲ್ಲ, ಎರಡು ಮೈಲಿ ನಡೆದಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಐರೀನಳನ್ನು ನಿಲ್ಲಿಸಿಕೊಂಡು ಬೈದಳು. ಗ್ಯಾವಿನ್ ನಿನ್ನ ಸಾಮಾನು ಹೊತ್ತು ತರ್ತಾನೆ, ಬಾಯ್ಲರ್ ರಿಪೇರಿ ಮಾಡಿಕೊಟ್ಟ, ಅದಕ್ಕಾ? ಎರಡು ಚೀಲ ಆಲೂಗಡ್ಡೆಗೆ ನನ್ನನ್ನ ಮಾರಿಬಿಟ್ಯಾ? ಒಳ್ಳೊಳ್ಳೆಯ ಮಾತುಗಳು ಹೊಳೆಯುತ್ತಿದ್ದವು, ಒಂದಕ್ಕಿಂತ ಒಂದು ಮೊನಚು. ಮೀನು ಕರಿಯುವ ಅಂಗಡಿಯ ಮುಂದೆ ಯಾರೋ ತಿರುಗಿ ನೋಡಿದಾಗ ತಾನು ಬಾಯಿ ಆಡಿಸುತ್ತಿರುವುದು ತಿಳಿಯಿತು. 'ನಡುನಡುವೆ ಮಾತು, ಯಾರ ಜೊತೆಯೋ ಮಾತಾಡಿದ ಹಾಗೆ.' ಆ ಸಾಲು ನೆನಪಾಗಿ ಅವಳು ತುಟಿ ಬಿಗಿದುಕೊಂಡಳು. ಇನ್ನು ತಾನು ತುಟಿ ಅಲ್ಲಾಡಿಸುವಾಗಲೆಲ್ಲ ಈ ಸಾಲು ನೆನಪಾಗುತ್ತದೆ. ಐರೀನ್ ತನ್ನಿಂದ ಕಿತ್ತುಕೊಂಡದ್ದು ಇದನ್ನು. ಗ್ಯಾವಿನ್ ಮೆಟ್ಟಿಲು ಕೊಳಕು ಮಾಡಿದ, ಅಷ್ಟೆ. ಮೆಟ್ಟಿಲನ್ನು ತೊಳೆಯಬಹುದು. ಆಮೇಲೆ, ಎಸ್ಟೇಟಿನ ತಿರುವು ಹತ್ತಿರವಾದಂತೆ, ಸಿಟ್ಟಿನ ಜಾಗದಲ್ಲಿ ಬೇರೊಂದು ಬಂತು, ಆಸೆಯಂಥದ್ದು. ಐರೀನ್ ಹೆದರಿರಬಹುದು. ತಾನು ಅಳುವುದನ್ನು ಕೇಳಿ, ಏನು ಮಾಡಬೇಕೋ ತೋಚದೆ, ಕೌನ್ಸಿಲ್‌ಗೆ ತಿಳಿದರೆ ಯಾರನ್ನಾದರೂ ಕಳಿಸಿಯಾರು, ಡಾಕ್ಟರನ್ನೋ ನರ್ಸನ್ನೋ, ಎಂದು ಬರೆದಿರಬಹುದು. ಹೌದು, ಹಾಗೇ ಇರಬೇಕು. ಪಾಪ, ಕಾಲಂ ತಪ್ಪಾಗಿ ತುಂಬಿಸಿದ್ದಾಳೆ. ಮೆಟ್ಟಿಲು ಹತ್ತುವ ಹೊತ್ತಿಗೆ ಅವಳು ಐರೀನಳನ್ನು ಅರ್ಧ ಕ್ಷಮಿಸಿಯಾಗಿತ್ತು.

ಈ ಸಲ ಸರಪಳಿ ಹಾಕಿರಲಿಲ್ಲ. ಐರೀನ್ ಮೆತ್ತನೆಯ ಚಪ್ಪಲಿ ಹಾಕಿಕೊಂಡಿದ್ದಳು. ಅಡುಗೆಮನೆಯಲ್ಲಿ ಚಹಾದ ಕೆಟಲ್ಲು ಉಣ್ಣೆಯ ಹೊದಿಕೆಯೊಳಗೆ ಬೆಚ್ಚಗಿತ್ತು, ತಟ್ಟೆಯಲ್ಲಿ ಬಿಸ್ಕತ್ತು.

"ಕೂತ್ಕೋ. ಏನಂದ್ರು?"

ಗ್ಲೆಂಡಾ ಕೋಟು ತೆಗೆಯದೆ ಕೂತು, ಕಾಗದವನ್ನು ಮೇಜಿನ ಮೇಲೆ ಇಟ್ಟಳು. ಐರೀನ್ ಅದನ್ನು ಮುಟ್ಟಲಿಲ್ಲ. ಏನೆಂದು ಕೇಳಲೂ ಇಲ್ಲ.

"ನಿನಗೆ ನನ್ನ ಬಗ್ಗೆ ಚಿಂತೆ ಆಗಿತ್ತು," ಗ್ಲೆಂಡಾ ಹೇಳಿದಳು. ದಾರಿಯಲ್ಲಿ ಕಟ್ಟಿಕೊಂಡ ಮೊನಚು ಮಾತು ಒಂದೂ ಬಾಯಿಗೆ ಬರಲಿಲ್ಲ. "ಅದಕ್ಕೇ ಬರೆದೆ. ಅಲ್ವಾ? ಡಾಕ್ಟರನ್ನ ಕಳಿಸಲಿ ಅಂತ."

ಐರೀನ್ ಚಹಾ ಬಗ್ಗಿಸಿದಳು, ಹಾಲು ಹಾಕಿದಳು, ಗ್ಲೆಂಡಾಳಿಗೆ ಎಷ್ಟು ಬೇಕೋ ಅಷ್ಟೇ. ಯೋಚನೆ ಮಾಡುತ್ತಿದ್ದಳು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು, ಇಬ್ಬರಿಗೂ.

"ಇಲ್ಲ ಕಣೇ," ಎಂದಳು. "ಹಾಗಂದ್ರೆ ಸುಳ್ಳಾಗತ್ತೆ."

"ಮತ್ತೆ?"

"ಕೇಳಿಸಿದ್ದನ್ನ ಬರೀರಿ ಅಂದ್ರು. ನನಗೆ ಮೇಲಿನವನು ಕೇಳಿಸಲ್ಲ. ಅವನು ನಿನ್ನ ತಲೆ ಮೇಲಿರೋದು, ನನ್ನ ತಲೆ ಮೇಲಲ್ಲ. ನನಗೆ ಕೇಳಿಸೋದು ನೀನು."

"ನೀನೇ ಅಲ್ವೇನೇ ಬರಿ ಬರಿ ಅಂತ ನನ್ನ ಹಿಂದೆ ಬಿದ್ದಿದ್ದು?"

"ನಿನ್ನ ಪರವಾಗಿ ಸಿಟ್ಟು ಮಾಡ್ಕೊಂಡಿದ್ದೆ ಅಷ್ಟೆ. ಹಾಳೆ ತಂದು ಮುಂದಿಟ್ಟವಳು ನೀನು."

"ಅವನಿಗೂ ನೀನೇ ಹೇಳಿದೆ. ಗ್ಯಾವಿನ್‌ಗೆ."

"ಹೇಳಿದೆ. ಸಾಮಾನು ತಂದುಕೊಟ್ಟಾಗ ಕೇಳಿದ, ಹೇಳಿದೆ."

"ಆರು ತಿಂಗಳು!" ಗ್ಲೆಂಡಾ ಕಪ್ಪನ್ನು ದೂರ ತಳ್ಳಿದಳು. "ಶುಕ್ರವಾರ ನನ್ನ ಜೊತೆ ಮಾರ್ಕೆಟ್ಟಿಗೆ ಬರ್ತಿದ್ದೆ. ಭಾನುವಾರ ನನ್ನ ಕೈಯಡುಗೆ ತಿಂತಿದ್ದೆ. ನಾನು ಅಳೋದನ್ನ ಕೂತು ಕೇಳ್ತಿದ್ದೆ, ಗಡಿಯಾರ ಇಟ್ಕೊಂಡು. ಒಂದು ಗೋಡೆ ಕಣೇ ನಮ್ಮಿಬ್ಬರ ಮಧ್ಯೆ. ನನ್ನ ಮನೆ ಕೀಲಿ ಅಗೋ ಅಲ್ಲಿ ನಿನ್ನ ಮೊಳೆಗೆ ನೇತಾಡ್ತಿದೆ. ಒಂದು ದಿನ, ಒಂದೇ ಒಂದು ದಿನ ಬಂದು ಬಾಗಿಲು ತಟ್ಟಬಾರದಿತ್ತಾ?"

ಐರೀನ್ ಅವಳನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ, ಅದೇ ಗ್ಲೆಂಡಾಳನ್ನು ಹೆದರಿಸಿತು.

"ಲೆನ್ ನನಗೆ ಹೊಡೀತಿದ್ದದ್ದು ಈ ಕೋಣೇಲಿ," ಐರೀನ್ ಹೇಳಿದಳು. "ಇದೇ ಮೇಜಿನ ಹತ್ರ. ನಿನ್ನ ಅಡುಗೆಮನೆ ಇದೇ ಗೋಡೆಯ ಆ ಕಡೆ. ನೀನು ಬಂದ ಮೇಲೆ ಇಪ್ಪತ್ತು ವರ್ಷ ಬದುಕಿದ್ದ ಅವನು."

ಗ್ಲೆಂಡಾ ಕಪ್ಪನ್ನು ಹಿಡಿದುಕೊಂಡಳು.

"ನನಗೆ ಗೊತ್ತಿರಲಿಲ್ಲ..."

"ಗೊತ್ತಿತ್ತು. ಅವನು ಶುರು ಮಾಡಿದ ಕೂಡ್ಲೆ ನೀನು ರೇಡಿಯೋ ಜೋರು ಮಾಡ್ತಿದ್ದೆ. ಪ್ರತಿ ಸಲ. ನನಗೆ ಕೇಳಿಸ್ತಿತ್ತು ಕಣೇ, ರೇಡಿಯೋ ಏರಿದ್ದು. ಓ, ಗ್ಲೆಂಡಾ ಮನೇಲಿದಾಳೆ ಅಂದ್ಕೋತಿದ್ದೆ. ಮೊದಮೊದಲು ಈಗ ಬರ್ತಾಳೆ, ಈಗ ಬಂದು ತಟ್ತಾಳೆ ಅಂತ ಕಾಯ್ತಿದ್ದೆ. ಆಮೇಲೆ ಹಾಡು ಯಾವುದು ಅಂತ ಕೇಳ್ಕೊಂಡು ಬಿದ್ದಿರ್ತಿದ್ದೆ, ಹೊತ್ತು ಹೋಗಲಿ ಅಂತ."

ಹೊರಗೆ ಎಲ್ಲೋ ಗ್ಯಾವಿನ್‌ನ ಎಂಜಿನ್ನು ಒಮ್ಮೆ ಗುಡುಗಿ ಸತ್ತುಹೋಯಿತು. ಗ್ಲೆಂಡಾಳಿಗೆ ಎಲ್ಲವೂ ಒಟ್ಟಿಗೇ ನೆನಪಾಗಲಿಲ್ಲ, ಮೊದಲು ನೆನಪಾದದ್ದು ತನ್ನ ಕೈ. ಹಿಟ್ಟು ಮೆತ್ತಿದ ಕೈ, ಆ ಸಣ್ಣ ಗುಂಡಿ, ಬೆರಳಿಗೆ ಗೊತ್ತಿದ್ದ ಆ ಅರ್ಧ ಸುತ್ತು. ಗೋಡೆಯ ಆಚೆ ಕುರ್ಚಿ ಬಿದ್ದ ಸದ್ದು. ಗಂಡ ಹೆಂಡಿರ ವಿಷಯ, ನಾವು ಮಧ್ಯೆ ಹೋಗಬಾರದು, ಅವಳಿಗೇ ನಾಚಿಕೆಯಾದೀತು, ಎಂದು ತನಗೆ ತಾನೇ ಹೇಳಿಕೊಂಡದ್ದು. ಮಾರನೆಯ ದಿನ ಮೆಟ್ಟಿಲ ಮೇಲೆ ಐರೀನಳ ಮುಖವನ್ನು ಬಿಟ್ಟು ಅವಳ ಕೈಚೀಲವನ್ನು ನೋಡುತ್ತ, ಇವತ್ತು ಎಲೆಕೋಸು ಚೆನ್ನಾಗಿದೆಯಂತೆ ಎಂದು ಮಾತಾಡಿದ್ದು. ಮತ್ತೆ ಫ್ರಿಜ್ಜು. ಆ ಒಂದು ಫ್ರಿಜ್ಜಿನ ಹಿಂದೆ ಇಪ್ಪತ್ತು ವರ್ಷ ಅಡಗಿಕೊಂಡಿದ್ದೆನಲ್ಲ ಎಂದುಕೊಂಡಳು. ಆದರೂ, ಆದರೂ ದ್ರೋಹ ದ್ರೋಹವೇ. ತನ್ನ ತಪ್ಪು ತನಗೆ ಕಂಡ ಮಾತ್ರಕ್ಕೆ ಎದೆಯಲ್ಲಿ ನೆಟ್ಟದ್ದು ಸಡಿಲವಾಗಲಿಲ್ಲ. ಅವಳು ಸಿಟ್ಟಾಗಬೇಕೆಂದಿದ್ದಳು, ಸಿಟ್ಟು ಇತ್ತು, ಬೇಕಾದಷ್ಟಿತ್ತು. ಇವಳ ಮುಂದೆ ಅದನ್ನು ಎತ್ತಿ ಆಡುವ ಹಕ್ಕು ಮಾತ್ರ ಇರಲಿಲ್ಲ. ಇಷ್ಟು ವರ್ಷದ ಗೆಳೆತನವೆಂದರೆ ಏನಾಗಿತ್ತು ಹಾಗಾದರೆ? ಕೇಕು, ಮಾರುಕಟ್ಟೆ, ಭಾನುವಾರದ ಊಟ, ಇವೆಲ್ಲ ನಡೆಯುವಾಗ ಐರೀನ್ ಒಳಗೊಳಗೇ ಲೆನ್‌ನ ಏಟುಗಳನ್ನು ಎಣಿಸುತ್ತಲೇ ಇದ್ದಳೇ? ಕೇಳಬೇಕೆನಿಸಿತು. ಕೇಳಿದರೆ ನಿಜವನ್ನೇ ಹೇಳುತ್ತಾಳೆಂದು ಗೊತ್ತಿದ್ದರಿಂದ ಕೇಳಲಿಲ್ಲ.

"ಇದೇನು, ಸಾಕ್ಷಿ ಬೇಕಾ?" ಐರೀನ್ ಕನ್ನಡಕ ಹಾಕಿಕೊಂಡು ಕಾಗದವನ್ನು ಎಳೆದುಕೊಂಡಿದ್ದಳು. ಮೊದಲಿಂದ ಕೊನೆಯವರೆಗೆ, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದಳು. "ನೀನು ಮೊದಲು ಹಾಕು. ಆಮೇಲೆ ನಾನು ಹಾಕ್ಬೇಕು."

ಬೇರೆ ಯಾರ ಹತ್ತಿರ ಹೋಗುವುದು? ಗ್ಯಾವಿನ್ ಹತ್ತಿರವೇ? ಗ್ಲೆಂಡಾ ಸಹಿ ಹಾಕಿದಳು. ಅಕ್ಷರ ಚೆಂದ ಬರಲಿಲ್ಲ. ಐರೀನ್ ಪೆನ್ನು ತೆಗೆದುಕೊಂಡು, ಕೆಳಗಿನ ಗೆರೆಯ ಮೇಲೆ ತನ್ನ ಹೆಸರನ್ನು ನಿಧಾನವಾಗಿ, ಬಿಡಿಸಿ ಬಿಡಿಸಿ ಬರೆದಳು. ಕೋಳಿ ಕೆರೆದ ಹಾಗೇನೂ ಇರಲಿಲ್ಲ. ದುಂಡಗಿನ, ಸ್ಪಷ್ಟವಾದ ಅಕ್ಷರ.

"ಲಕೋಟೆ ಕೊಟ್ಟಿದಾರಾ?"

"ಕೊಟ್ಟಿದಾರೆ."

"ಚಹಾ ಕುಡಿ. ಆರಿಹೋಗತ್ತೆ."

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಿ ಎರಡು ನಿಮಿಷವಾಗಿತ್ತು. ಏಳಬೇಕು, ಮನೆಗೆ ಹೋಗಬೇಕು ಎಂದುಕೊಂಡಳು, ಹೋಗಿ ಮಾಡುವುದೇನು ಎಂದು ತಿಳಿಯಲಿಲ್ಲ. ಇನ್ನು ಅಲ್ಲಿ ಅಳುವಂತಿರಲಿಲ್ಲ, ಸಹಿ ಹಾಕಿಯಾಗಿತ್ತು. ಕಪ್ಪನ್ನು ಬಾಯಿಯ ತನಕ ತಂದಳು, ಅದು ಅಲ್ಲೇ ನಿಂತಿತು. ಮೊದಲು ಭುಜ ಅಲುಗಿತು. ಆಮೇಲೆ ಗಂಟಲಿನಿಂದ ಆ ಸದ್ದು ಬಂತು, ನಲ್ಲಿಯ ಮರೆಯಿಲ್ಲದೆ ಅದನ್ನು ಅವಳು ತಾನೇ ಮೊದಲ ಸಲ ಕೇಳಿದಳು, ಎಷ್ಟು ಅಸಹ್ಯವಾಗಿದೆ ಎನಿಸಿತು, ನಿಲ್ಲಿಸಲು ನೋಡಿದಳು, ಆಗಲಿಲ್ಲ. ಐರೀನ್ ಎದುರಿಗೇ ಕೂತಿದ್ದಳು. ಮೇಜಿನ ಮೇಲೆ ಅವಳ ಕೈ ಒಂದು ಗೇಣು ದೂರದಲ್ಲಿತ್ತು. ಈಗ ಹಿಡಿದುಕೊಳ್ಳುತ್ತಾಳೆ, ಈಗ ಹಿಡಿದುಕೊಳ್ಳುತ್ತಾಳೆ ಎಂದು ಗ್ಲೆಂಡಾ ಕಾದಳು.

ಐರೀನ್ ಕುರ್ಚಿ ಹಿಂದೆ ಸರಿಸಿ ಎದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಜು ಬಳಸಿ ಕಿಟಕಿಯ ಹತ್ತಿರ ಹೋದಳು, ಅಲ್ಲಿದ್ದ ರೇಡಿಯೋ ಹಾಕಿ, ಗುಂಡಿ ತಿರುಗಿಸಿ ಜೋರು ಮಾಡಿದಳು.